ಅಗೋರಾದ ಗಡಿಕಲ್ಲು

ಪುರಾತನ ಅಥೆನ್ಸ್ ಎಂದ ಕೂಡಲೇ ನಮ್ಮ ಪಠ್ಯಪುಸ್ತಕಗಳು ಗುಡ್ಡದ ಮೇಲಿನ ಪಾರ್ಥೆನಾನ್ ದೇಗುಲದ ಚಿತ್ರವನ್ನು ಮುಂದಿಡುತ್ತವೆ. ತರಗತಿಯಲ್ಲಿ ಈ ಊರಿನ ಮಾತು ಬಂದಾಗ ನಾನು ಗುಡ್ಡ ಹತ್ತಲು ಹೋಗುವುದಿಲ್ಲ. ಅದರ ಬುಡದಲ್ಲಿ, ವಾಯವ್ಯ ದಿಕ್ಕಿಗೆ ಹರಡಿಕೊಂಡಿರುವ ಬಯಲಿನಿಂದ ಪಾಠ ಶುರುಮಾಡುತ್ತೇನೆ. ಆ ಬಯಲಿನ ನೈಋತ್ಯ ಮೂಲೆಯಲ್ಲಿ ಅಮೃತಶಿಲೆಯ ಒಂದು ಗಡಿಕಲ್ಲು ಇವತ್ತಿಗೂ ತನ್ನ ಮೂಲ ಜಾಗದಲ್ಲೇ ನಿಂತಿದೆ. ಕ್ರಿ.ಪೂ. 500ರ ಆಸುಪಾಸಿನದು. ಅದರ ಮೇಲೆ ಕೊರೆದಿರುವ ಮಾತು ಇಷ್ಟೇ: ನಾನು ಅಗೋರಾದ ಗಡಿ.

ಗಡಿಕಲ್ಲು ನಮಗೆ ಹೊಸದಲ್ಲ. ಸೂರ್ಯಚಂದ್ರರನ್ನೋ ಲಿಂಗವನ್ನೋ ವಾಮನನನ್ನೋ ಕೆತ್ತಿದ ಕಲ್ಲುಗಳು ನಮ್ಮ ಹೊಲಗಳ ಬದುವಿನಲ್ಲಿ, ಊರ ಎಲ್ಲೆಯಲ್ಲಿ ಬೇಕಾದಷ್ಟಿವೆ. ಅವು ದಾನದ ಭೂಮಿಯ, ಮಠಮಾನ್ಯಗಳ, ಊರುಗಳ ಗಡಿಯನ್ನು ಹೇಳುತ್ತವೆ. ಆದರೆ ಅಥೆನ್ಸಿನ ಈ ಕಲ್ಲು ಗಡಿ ಹಾಕಿರುವುದು ಒಂದು ಸಂತೆಗೆ. ಸಂತೆ ಎಂದರೆ ಎಲ್ಲರೂ ಬರುವ ಜಾಗ. ಎಲ್ಲರೂ ಬರುವ ಜಾಗಕ್ಕೆ ಗಡಿ ಯಾಕೆ ಬೇಕಾಯಿತು? ಆ ಗಡಿಯ ಒಳಗೆ ಯಾರಿದ್ದರು, ಹೊರಗೆ ಯಾರು ಉಳಿದರು? ಈ ಬಯಲನ್ನು ಅಗೆದವರಿಗೆ ಸಿಕ್ಕ ಸಣ್ಣಪುಟ್ಟ ವಸ್ತುಗಳನ್ನು ಇಟ್ಟುಕೊಂಡು ಈ ಪ್ರಶ್ನೆಗೆ ಉತ್ತರ ಹುಡುಕುವುದು ನನಗೆ ಪಾರ್ಥೆನಾನ್‌ನ ವೈಭವಕ್ಕಿಂತ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ಮೊದಲು ಆ ಹೆಸರನ್ನೇ ನೋಡೋಣ. ಅಗೋರಾ ಎಂಬುದಕ್ಕೆ ಗ್ರೀಕ್ ಭಾಷೆಯಲ್ಲಿ ಜನ ಸೇರುವುದು, ಸೇರುವ ತಾಣ ಎಂದು ಅರ್ಥ. ಈ ಒಂದು ಪದದಿಂದ ಎರಡು ಕ್ರಿಯಾಪದಗಳು ಹುಟ್ಟಿದವು. ಒಂದರ ಅರ್ಥ ಕೊಳ್ಳುವುದು, ಇನ್ನೊಂದರದು ಸಭೆಯಲ್ಲಿ ಮಾತಾಡುವುದು. ವ್ಯಾಪಾರ ಮತ್ತು ಮಾತು ಒಂದೇ ಬೇರಿನಿಂದ ಒಡೆದ ಎರಡು ಕವಲುಗಳು. ಅಲ್ಲಿನ ಅವಶೇಷಗಳೂ ಇದನ್ನೇ ಹೇಳುತ್ತವೆ. ಪಶ್ಚಿಮದ ಅಂಚಿನಲ್ಲಿ 500 ಮಂದಿಯ ಸಲಹಾಮಂಡಳಿ ಸೇರುತ್ತಿದ್ದ ಭವನ, ಅದರ ಪಕ್ಕದಲ್ಲೇ ಸರದಿಯ ಮೇಲೆ ಅಧಿಕಾರದಲ್ಲಿರುತ್ತಿದ್ದ 50 ಮಂದಿ ಒಟ್ಟಿಗೆ ಉಣ್ಣುತ್ತಿದ್ದ ಥೋಲಸ್ ಎಂಬ ದುಂಡುಕಟ್ಟಡ, ಸುತ್ತಮುತ್ತ ನ್ಯಾಯಾಲಯಗಳು, ಬಲಿಪೀಠಗಳು, ನೀರಿನ ಕಾರಂಜಿಮನೆ, ನಾಣ್ಯ ಅಚ್ಚುಹಾಕುವ ಟಂಕಸಾಲೆ. ನಡುವೆ ಓರೆಯಾಗಿ ಹಾದುಹೋಗುವ ಮೆರವಣಿಗೆಯ ದಾರಿ. ಇವೆಲ್ಲದರ ಸಂದಿಗೊಂದಿಗಳಲ್ಲಿ ಮೀನು, ಸುಗಂಧದ ಎಣ್ಣೆ, ಮಡಕೆ, ತರಕಾರಿ ಮಾರುವವರ ಪಾಲುಗಳು. ಮೇಜು ಹಾಕಿಕೊಂಡು ಕುಳಿತ ಚಿನಿವಾರರು. ಮಾರಾಟಕ್ಕಿಟ್ಟ ಸರಕುಗಳಲ್ಲಿ ಮನುಷ್ಯರೂ ಸೇರಿದ್ದರು. ಗುಲಾಮರ ವ್ಯಾಪಾರ ನಡೆಯುತ್ತಿದ್ದುದೂ ಇಲ್ಲೇ. ಕ್ರಿ.ಪೂ. 4ನೇ ಶತಮಾನದ ಹಾಸ್ಯ ನಾಟಕಕಾರ ಯೂಬ್ಯುಲಸ್, ಅಥೆನ್ಸಿನಲ್ಲಿ ಹಣ್ಣುಹಂಪಲೂ ಕೋರ್ಟು ಕಚೇರಿಯ ಸಾಮಾನುಗಳೂ ಒಂದೇ ಕಡೆ ಮಾರಾಟಕ್ಕಿವೆ ಎಂಬಂತೆ ಲೇವಡಿ ಮಾಡಿದ್ದು ಸುಮ್ಮನೆ ಅಲ್ಲ.

ಈ ಜಾಗ ಮೊದಲಿನಿಂದಲೂ ಹೀಗಿರಲಿಲ್ಲ. ಬಹಳ ಹಿಂದೆ ಇಲ್ಲಿ ಗೋರಿಗಳಿದ್ದವು, ಆಮೇಲೆ ಮನೆಗಳಾದವು. ಮನೆಗಳ ಗೋಡೆ ಉಳಿಯದಿದ್ದರೂ ಬಾವಿಗಳು ಉಳಿದಿವೆ. ಬಾವಿ ಇದ್ದಲ್ಲಿ ಸಂಸಾರ ಇತ್ತು ಎಂದೇ ಲೆಕ್ಕ. ಕ್ರಿ.ಪೂ. 6ನೇ ಶತಮಾನದಲ್ಲಿ ಆ ಬಾವಿಗಳು ಒಂದೊಂದಾಗಿ ಮಣ್ಣು ತುಂಬಿ ಮುಚ್ಚಿಹೋದವು. ಮನೆಗಳಿದ್ದ ನೆಲ ಊರೊಟ್ಟಿನ ನೆಲವಾಯಿತು. ಆ ಹೊತ್ತಿಗೇ ಕಲ್ಲು ನೆಟ್ಟು ಗಡಿ ಗುರುತಿಸುವ ಕೆಲಸವೂ ನಡೆಯಿತು. ಇನ್ನು ಮುಂದೆ ಇಲ್ಲಿ ಯಾರೂ ಮನೆ ಕಟ್ಟುವಂತಿಲ್ಲ, ಒತ್ತುವರಿ ಮಾಡುವಂತಿಲ್ಲ. ಗಡಿಕಲ್ಲಿನ ಮೊದಲ ಅರ್ಥ ಇದು. ಇದು ಒಳ್ಳೆಯ ಅರ್ಥವೇ. ಊರಿನದನ್ನು ಊರಿಗೆ ಉಳಿಸಿಕೊಳ್ಳಲು ಗಡಿ ಬೇಕೇ ಬೇಕು.

ಸಂತೆಯಲ್ಲಿ ಒಬ್ಬರಿಗೊಬ್ಬರು ಗುರುತಿಲ್ಲದವರು ಎದುರುಬದುರು ನಿಲ್ಲುತ್ತಾರೆ. ಅವರ ನಡುವೆ ನಂಬಿಕೆ ಹುಟ್ಟುವುದು ಹೇಗೆ? ಅಥೆನ್ಸಿಗರು ಕಂಡುಕೊಂಡ ಉತ್ತರಗಳು ನೆಲದಡಿ ಸಿಕ್ಕಿವೆ. ಥೋಲಸ್ ಕಟ್ಟಡದ ಹತ್ತಿರದ ಬಾವಿಯೊಂದರಲ್ಲಿ ದೊರೆತ ಮೂರು ಕಂಚಿನ ತೂಕದ ಬಟ್ಟುಗಳ ಮೇಲೆ ಉಬ್ಬುಚಿತ್ರಗಳಿವೆ. ಪೂರ್ತಿ ತೂಕದ್ದಕ್ಕೆ ಆಟದ ದಾಳವಾಗಿ ಬಳಸುತ್ತಿದ್ದ ಕೀಲುಮೂಳೆ, ಅದರ ಕಾಲುಭಾಗಕ್ಕೆ ಗುರಾಣಿ, ಆರನೇ ಒಂದು ಭಾಗಕ್ಕೆ ಆಮೆ. ದೊಡ್ಡದರ ತೂಕ ಸುಮಾರು 795 ಗ್ರಾಂ. ಅಕ್ಷರ ಬಾರದವರೂ ಚಿತ್ರ ನೋಡಿ ತೂಕ ಗುರುತಿಸಬಹುದು. ಧಾನ್ಯ, ಕಾಳು ಅಳೆಯಲು ನಮ್ಮ ಸೇರು, ಬಳ್ಳ, ಕೊಳಗಗಳಂಥ ಮಣ್ಣಿನ ಅಳತೆಪಾತ್ರೆಗಳೂ ಸಿಕ್ಕಿವೆ. ಅವುಗಳ ಮೇಲೆ ಅಥೀನಾ ದೇವಿಯ ಮುಖ, ಗೂಬೆ, ಜೊತೆಗೆ ಸಾರ್ವಜನಿಕರದ್ದು ಎಂಬರ್ಥದ ಬರಹ. ಅಂಗಡಿಯವನ ಪಾವು ಚಿಕ್ಕದೆಂದು ಅನುಮಾನ ಬಂದರೆ ಊರಿನ ಪಾವಿನಲ್ಲಿ ಅಳೆದು ನೋಡಬಹುದು.

ಇದನ್ನು ನೋಡಿಕೊಳ್ಳಲು ಆಳುಗಳಿದ್ದರು. ಈಜಿಪ್ಟಿನಲ್ಲಿ ಸಿಕ್ಕು 1891ರಲ್ಲಿ ಅಚ್ಚಾದ ಒಂದು ಪಪೈರಸ್ ಪ್ರತಿಯಿಂದ ನಮಗೆ ದಕ್ಕಿದ, ಅರಿಸ್ಟಾಟಲ್‌ನ ಹೆಸರಿನಲ್ಲಿರುವ ಅಥೆನ್ಸಿನ ಸಂವಿಧಾನದ ಗ್ರಂಥ ಇದರ ವಿವರ ಕೊಡುತ್ತದೆ. ಸರಕಿನಲ್ಲಿ ಕಲಬೆರಕೆ ಇಲ್ಲದಂತೆ ನೋಡಲು 10 ಮಂದಿ, ತೂಕ ಅಳತೆ ನೋಡಲು 10 ಮಂದಿ. ಇಬ್ಬಗೆಯವರಲ್ಲೂ ಅರ್ಧ ಊರಿಗೆ, ಅರ್ಧ ಪಿರೇಯಸ್ ಬಂದರಿಗೆ. ಎಲ್ಲರನ್ನೂ ಚೀಟಿ ಎತ್ತಿದಂತೆ ಆರಿಸುತ್ತಿದ್ದರು. ಧಾನ್ಯದ ಬೆಲೆಗೂ ಹಿಟ್ಟು, ರೊಟ್ಟಿಗಳ ಬೆಲೆಗೂ ತಾಳೆ ಇದೆಯೇ ಎಂದು ನೋಡುವ ಧಾನ್ಯಪಾಲಕರು ಬೇರೆಯೇ ಇದ್ದರು. ಪ್ರಜಾಪ್ರಭುತ್ವ ಎಂದರೆ ನಮಗೆ ಮೊದಲು ನೆನಪಾಗುವುದು ಮತ, ಭಾಷಣ. ಅಥೆನ್ಸಿನ ಬಡವನಿಗೆ ಅದು ದಿನವೂ ಕಣ್ಣಿಗೆ ಬೀಳುತ್ತಿದ್ದುದು ಮೋಸವಿಲ್ಲದ ಒಂದು ಪಾವಿನಲ್ಲಿ ಎಂದು ನನಗನ್ನಿಸುತ್ತದೆ.

ಆದರೆ ಆ ಪಾವಿನ ಹಿಂದೆ ನಿಂತಿದ್ದವರು ಯಾರು? 1970ರಲ್ಲಿ ಅಗೋರಾದಲ್ಲಿ ಸಿಕ್ಕ ಒಂದು ಶಾಸನ ಈ ಪ್ರಶ್ನೆಯನ್ನು ತೀಕ್ಷ್ಣವಾಗಿಸುತ್ತದೆ. ಕ್ರಿ.ಪೂ. 375/374ರಲ್ಲಿ ನಿಕೊಫೋನ್ ಎಂಬಾತ ಮಂಡಿಸಿದ ಕಾನೂನು ಅದು. ಬೆಳ್ಳಿ ನಾಣ್ಯದ ಬಗ್ಗೆ ಎದ್ದ ಅನುಮಾನಗಳನ್ನು ಬಗೆಹರಿಸಲು ಒಬ್ಬ ನಾಣ್ಯ ಪರೀಕ್ಷಕ ದಿನವೂ ಚಿನಿವಾರರ ಮೇಜುಗಳ ನಡುವೆ ಕುಳಿತಿರಬೇಕು. ತಂದ ನಾಣ್ಯ ಸಾಚಾ ಎಂದು ಅವನು ಹೇಳಿದರೆ ಮಾರುವವನು ಅದನ್ನು ಸ್ವೀಕರಿಸಲೇಬೇಕು; ಒಲ್ಲೆ ಎಂದರೆ ಅವತ್ತು ಮಾರಾಟಕ್ಕಿಟ್ಟ ಸರಕೆಲ್ಲ ಜಪ್ತಿ. ಒಳಗೆ ತಾಮ್ರವೋ ಸೀಸವೋ ಇದ್ದು ಮೇಲೆ ಬೆಳ್ಳಿಯ ಲೇಪವಿದ್ದರೆ ಪರೀಕ್ಷಕ ಅದನ್ನು ಅಲ್ಲೇ ಅಡ್ಡಲಾಗಿ ಕಡಿದುಬಿಡಬೇಕು. ಆ ಖೋಟಾ ನಾಣ್ಯ ದೇವಮಾತೆಯ ಸೊತ್ತಾಗಿ ಸಲಹಾಮಂಡಳಿಯ ವಶಕ್ಕೆ ಹೋಗುತ್ತದೆ. ಊರಿನ ಅತ್ಯಂತ ಹೆಮ್ಮೆಯ ವಸ್ತು, ಗೂಬೆಯ ಮುದ್ರೆಯ ಬೆಳ್ಳಿ ನಾಣ್ಯ. ಅದರ ಮರ್ಯಾದೆ ಕಾಯುವ ಕೊನೆಯ ಮಾತು ಈ ಒಬ್ಬ ಮನುಷ್ಯನದು.

ಅವನು ಗುಲಾಮ. ಯಾವೊಬ್ಬ ಯಜಮಾನನಿಗೂ ಸೇರದೆ ಊರಿಗೇ ಸೇರಿದ ಗುಲಾಮ. ಕಾನೂನಿನ ಪ್ರಕಾರ ಅವನು ಜಾಗದಲ್ಲಿ ಕೂರದಿದ್ದರೆ, ಸರಿಯಾಗಿ ಪರೀಕ್ಷೆ ಮಾಡದಿದ್ದರೆ 50 ಛಡಿ ಏಟು. ನಾಣ್ಯ ನಿರಾಕರಿಸಿದ ವ್ಯಾಪಾರಿ ಗುಲಾಮನಾಗಿದ್ದರೆ, ಗಂಡಾಗಲಿ ಹೆಣ್ಣಾಗಲಿ, ಅವರಿಗೂ 50 ಏಟು. ಒಂದೇ ಕಾನೂನು, ಒಂದೇ ಕಲ್ಲು. ಸ್ವತಂತ್ರನಿಗೆ ಸರಕಿನ ನಷ್ಟ, ಗುಲಾಮನಿಗೆ ಬೆನ್ನಿನ ಮೇಲೆ ಬರೆ. ಅಥೆನ್ಸಿನ ನ್ಯಾಯಾಲಯಗಳಲ್ಲಿ ಗುಲಾಮನ ಸಾಕ್ಷ್ಯವನ್ನು ಚಿತ್ರಹಿಂಸೆಯ ಮೂಲಕ ಪಡೆದಾಗಲಷ್ಟೇ ಒಪ್ಪುವುದು ಸಾಮಾನ್ಯ ನಿಯಮವಾಗಿತ್ತು ಎಂಬುದನ್ನು ಇದರ ಪಕ್ಕಕ್ಕಿಟ್ಟು ನೋಡಿ. ಸಂತೆಯಲ್ಲಿ ಇಡೀ ಊರು ಗುಲಾಮನೊಬ್ಬನ ಮಾತು ನಂಬಿ ವ್ಯವಹಾರ ಮಾಡುತ್ತದೆ. ಕೂಗಳತೆ ದೂರದ ನ್ಯಾಯಾಲಯದಲ್ಲಿ ಗುಲಾಮನ ಮಾತಿಗೆ ನೋವಿನ ಮುದ್ರೆ ಬೀಳದೆ ಬೆಲೆ ಇಲ್ಲ. ಅಗೋರಾದ ಒಳಗೇ ಇನ್ನೊಂದು ಗಡಿ ಇತ್ತು. ಅದಕ್ಕೆ ಕಲ್ಲು ನೆಡುವ ಅಗತ್ಯ ಬೀಳಲಿಲ್ಲ.

ಕಲ್ಲು ನೆಟ್ಟ ಗಡಿಯ ಕಥೆಯೂ ಸರಳವಲ್ಲ. ಅಗೋರಾ ಪವಿತ್ರ ನೆಲ ಎಂಬ ಭಾವನೆ ಇತ್ತು. ಒಳಗೆ ಬರುವ ದಾರಿಗಳಲ್ಲಿ ಶುದ್ಧಿಯ ನೀರಿನ ಬೋಗುಣಿಗಳನ್ನು ಇಟ್ಟಿರುತ್ತಿದ್ದರು. ಯುದ್ಧಕ್ಕೆ ಹೋಗದೆ ತಪ್ಪಿಸಿಕೊಂಡವರು, ರಣರಂಗದಿಂದ ಓಡಿಬಂದವರು, ತಂದೆತಾಯಿಯನ್ನು ಹಿಂಸಿಸಿದವರು, ಕೊಲೆಯ ಆಪಾದನೆ ಹೊತ್ತವರು ಗಡಿ ದಾಟಿ ಒಳಬರುವಂತಿರಲಿಲ್ಲ. ಎಳೆಯ ಹುಡುಗರು ಅಲ್ಲಿ ಓಡಾಡುವುದೂ ಮರ್ಯಾದೆಯಲ್ಲ ಎಂಬ ಭಾವನೆ ಇತ್ತು. ಯೂಥಿಡೆಮಸ್ ಎಂಬ ತರುಣ ವಯಸ್ಸು ಸಾಲದೆಂದು ಅಗೋರಾಕ್ಕೆ ಹೋಗದೆ ಅದರ ಹತ್ತಿರದ ಕಡಿವಾಣದ ಅಂಗಡಿಯೊಂದರಲ್ಲಿ ಕೂರುತ್ತಿದ್ದ, ಸಾಕ್ರೆಟಿಸ್ ಅಲ್ಲಿಗೇ ಹೋಗಿ ಅವನನ್ನು ಮಾತಿಗೆಳೆಯುತ್ತಿದ್ದ ಎಂದು ಕ್ಸೆನೊಫೋನ್ ಬರೆದಿದ್ದಾನೆ.

ಈ ಮಾತಿಗೆ ನೆಲದಿಂದ ಬಂದ ಒಂದು ಸಾಕ್ಷಿಯಿದೆ. ಮೊದಲು ಹೇಳಿದ ಗಡಿಕಲ್ಲಿಗೆ ತಾಗಿದಂತೆಯೇ, ಅದರ ಹೊರಬದಿಗೆ, ಒಂದು ಪುಟ್ಟ ಮನೆಯ ತಳಪಾಯವಿದೆ. ಅಲ್ಲಿ ರಾಶಿ ರಾಶಿ ಕಬ್ಬಿಣದ ಮೊಳೆಗಳು ಸಿಕ್ಕವು, ಪಾದರಕ್ಷೆಯ ಅಟ್ಟೆಗೆ ಹೊಡೆಯುವಂಥವು. ಲೇಸು ಪೋಣಿಸಲು ಬಳಸುವ ಮೂಳೆಯ ಬಳೆಗಳೂ ಇದ್ದವು. ಒಡೆದ ಕಪ್ಪು ಬಟ್ಟಲೊಂದರ ಬುಡದಲ್ಲಿ ಅದರ ಒಡೆಯನ ಹೆಸರು ಗೀಚಿತ್ತು: ಸೈಮನ್‌ನದು. ಸೈಮನ್ ಎಂಬ ಚಪ್ಪಲಿ ಹೊಲಿಯುವವನ ಅಂಗಡಿಗೆ ಸಾಕ್ರೆಟಿಸ್ ಬಂದು ಹರಟುತ್ತಿದ್ದ, ಸೈಮನ್ ನೆನಪಿದ್ದಷ್ಟನ್ನು ಬರೆದಿಟ್ಟ, ಹಾಗೆ ಆತನ ಹೆಸರಿನಲ್ಲಿ 33 ಸಂವಾದಗಳಿದ್ದವು ಎಂದು ಎಷ್ಟೋ ಶತಮಾನಗಳ ನಂತರ ಡಯೋಜಿನಿಸ್ ಲಾಯರ್ಟಿಯಸ್ ಬರೆದ. ಪೆರಿಕ್ಲಿಸ್‌ನಂಥ ನಾಯಕ ನನ್ನ ಆಶ್ರಯಕ್ಕೆ ಬಾ ಎಂದು ಕರೆದಾಗ, ನನಗನಿಸಿದ್ದನ್ನು ಆಡುವ ಸ್ವಾತಂತ್ರ್ಯವನ್ನು ಮಾರುವುದಿಲ್ಲ ಎಂದು ಸೈಮನ್ ಉತ್ತರಿಸಿದನಂತೆ. ಬಟ್ಟಲಿನ ಸೈಮನ್ನನೂ ಗ್ರಂಥದ ಸೈಮನ್ನನೂ ಒಬ್ಬನೇ ಎಂದು ಆಣೆ ಹಾಕಿ ಹೇಳಲಾಗದು. ಆದರೂ ತತ್ವಜ್ಞಾನದ ಒಂದು ಮುಖ್ಯ ಮಾತುಕತೆ ಸಭಾಭವನಗಳಲ್ಲಿ ನಡೆಯದೆ, ಗಡಿಯಿಂದ ಒಂದು ಹೆಜ್ಜೆ ಆಚೆ, ಚರ್ಮದ ವಾಸನೆಯ ಅಂಗಡಿಯೊಂದರಲ್ಲಿ ನಡೆದಿರಬಹುದು ಎಂಬುದು ನನಗೆ ಖುಷಿ ಕೊಡುವ ಸಂಗತಿ. ಚಪ್ಪಲಿ ಹೊಲಿಯುವವರನ್ನು ಊರ ಅಂಚಿಗೆ ಇಟ್ಟ ನಾಡಿನವರಾದ ನಮಗೆ ಈ ಗಡಿಯ ಅಂಗಡಿಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಗಡಿಯೊಳಗಿದ್ದವರನ್ನು ಹೊರಗೆ ಹಾಕುವ ಉಪಾಯವೂ ಅಗೋರಾದಲ್ಲೇ ಇತ್ತು. ವರ್ಷಕ್ಕೊಮ್ಮೆ ಜನ ಬೇಕೆಂದರೆ, ಮಡಕೆಯ ಬೋಕಿಯ ಮೇಲೆ ಹೆಸರು ಗೀಚಿ ಹಾಕುತ್ತಿದ್ದರು. 6,000 ಬೋಕಿಗಳ ಲೆಕ್ಕ ಮುಟ್ಟಿದರೆ, ಗುರಿಯಾದ ನಾಯಕ 10 ದಿನದಲ್ಲಿ ಊರು ಬಿಡಬೇಕು. 10 ವರ್ಷ ತಿರುಗಿ ಬರುವಂತಿಲ್ಲ. ಅಕ್ರೊಪೊಲಿಸ್ ಗುಡ್ಡದ ಉತ್ತರದ ಇಳಿಜಾರಿನ ಬಾವಿಯೊಂದರಲ್ಲಿ ಥೆಮಿಸ್ಟೊಕ್ಲಿಸ್‌ನ ಹೆಸರಿದ್ದ 190 ಬೋಕಿಗಳು ಸಿಕ್ಕವು. ಅಕ್ಷರ ಹೋಲಿಸಿ ನೋಡಿದರೆ ಅಷ್ಟನ್ನೂ ಬರೆದ ಕೈಗಳು 14 ಮಾತ್ರ. ಮೊದಲೇ ಬರೆದು ಸಿದ್ಧಮಾಡಿ ಹಂಚಲು ಇಟ್ಟ ಮತಗಳು ಇವು ಎಂದು ವಿದ್ವಾಂಸರು ಊಹಿಸುತ್ತಾರೆ. ಚುನಾವಣೆ ಕಂಡ ಯಾವ ಊರಿನವರಿಗೂ ಇದು ಅಚ್ಚರಿ ತರಲಾರದು.

ನಾಯಕರ ಗಡೀಪಾರಿನ ಕಥೆ ಎಲ್ಲ ಪುಸ್ತಕಗಳಲ್ಲೂ ಇದೆ. ನನ್ನನ್ನು ಹೆಚ್ಚು ಕಾಡುವುದು ರಿಬ್ಬನ್ ಮಾರುವ ಹೆಂಗಸೊಬ್ಬಳ ಕಥೆ. ಕ್ರಿ.ಪೂ. 346/345ರಲ್ಲಿ ಅಥೆನ್ಸ್ ತನ್ನ ಪೌರರ ಪಟ್ಟಿಗಳನ್ನು ಮರುಪರಿಶೀಲಿಸಲು ನಿರ್ಧರಿಸಿತು. ಒಂದೊಂದು ಹೋಬಳಿಯೂ ತನ್ನವರು ಯಾರು, ಅಲ್ಲದವರು ಯಾರು ಎಂದು ಮತ ಹಾಕಿ ತೀರ್ಮಾನಿಸಬೇಕು. ಯೂಕ್ಸಿಥಿಯಸ್ ಎಂಬಾತನ ಹೆಸರನ್ನು ಅವನ ಹೋಬಳಿಯವರು ಹೊಡೆದುಹಾಕಿದರು. ಅವನು ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಿದ. ಸೋತರೆ ಅವನನ್ನೇ ಗುಲಾಮನಾಗಿ ಮಾರಲಾಗುತ್ತಿತ್ತು. ಅವನ ಮೇಲಿನ ಆರೋಪಗಳಲ್ಲಿ ಒಂದು, ಅವನ ತಾಯಿ ಅಗೋರಾದಲ್ಲಿ ರಿಬ್ಬನ್ ಮಾರುತ್ತಾಳೆ, ಹಿಂದೆ ಬೇರೆಯವರ ಮಗುವಿಗೆ ಹಾಲೂಡಿಸಿದ್ದಾಳೆ, ಹಾಗಾಗಿ ಆಕೆ ನಮ್ಮವಳಿರಲಾರಳು ಎಂಬುದು. ಡೆಮೊಸ್ತನೀಸ್‌ನ ಭಾಷಣಗಳ ಸಂಗ್ರಹದಲ್ಲಿ ಉಳಿದುಬಂದ ತನ್ನ ವಾದದಲ್ಲಿ ಮಗ ಇದನ್ನು ಮುಚ್ಚಿಡುವುದಿಲ್ಲ. ಹೌದು, ಬಡತನ ಮಾಡಿಸಿತು ಎನ್ನುತ್ತಾನೆ. ಯುದ್ಧಕಾಲದಲ್ಲಿ ಗಂಡ ದೂರದಲ್ಲಿದ್ದ, ಮನೆಯಲ್ಲಿ ಮಕ್ಕಳಿದ್ದವು. ಅಗೋರಾದಲ್ಲಿ ದುಡಿಯುವ ಪೌರ ಗಂಡಸನ್ನಾಗಲಿ ಹೆಂಗಸನ್ನಾಗಲಿ ಅದಕ್ಕಾಗಿ ಹೀಯಾಳಿಸುವುದು ಕಾನೂನಿನ ಪ್ರಕಾರ ಅಪರಾಧ ಎಂದು ನೆನಪಿಸುತ್ತಾನೆ. ಆಮೇಲೆ ಸಂತೆಯ ಲೆಕ್ಕವನ್ನೇ ಮುಂದೊಡ್ಡುತ್ತಾನೆ. ಪರದೇಶಿಯರು ಅಗೋರಾದಲ್ಲಿ ಮಾರಬೇಕಾದರೆ ಸುಂಕ ಕಟ್ಟಬೇಕು. ನನ್ನ ತಾಯಿ ಪರದೇಶಿಯಾಗಿದ್ದರೆ ಅವಳು ಸುಂಕ ಕಟ್ಟಿದ ದಾಖಲೆ ತೋರಿಸಿ!

ತೀರ್ಪು ಏನಾಯಿತೆಂಬುದು ಉಳಿದುಬಂದಿಲ್ಲ. ನಾನು ಗಮನಿಸುವುದು ಇಷ್ಟು. ದುಡಿಯುವುದಕ್ಕೆ ಯಾರನ್ನೂ ಹೀಯಾಳಿಸಬಾರದು ಎಂಬ ಕಾನೂನು ಊರಿಗೆ ಬೇಕಾಗಿತ್ತು ಎಂದರೆ, ಹೀಯಾಳಿಸುವುದು ದಿನನಿತ್ಯ ನಡೆಯುತ್ತಿತ್ತು. ಸಂತೆಯಿಲ್ಲದೆ ಊರು ನಡೆಯದು. ಸಂತೆಯಲ್ಲಿ ಕೂತವಳು ಮಾತ್ರ ತಾನು ಊರಿನವಳೆಂದು ರುಜುವಾತು ಮಾಡಬೇಕು. ಅಂಥ ಪಟ್ಟಿ ಪರಿಷ್ಕರಣೆಗಳಲ್ಲಿ ಮೊದಲು ಅನುಮಾನಕ್ಕೊಳಗಾಗುವುದು ಆಸ್ತಿಪಾಸ್ತಿ ಇದ್ದವರಲ್ಲ, ಬುಟ್ಟಿ ಇಟ್ಟುಕೊಂಡು ಕೂತವರು.

ಯೂಕ್ಸಿಥಿಯಸ್‌ಗೆ ಕಡೇಪಕ್ಷ ವಾದಿಸಲು ನ್ಯಾಯಾಲಯವಿತ್ತು. ಅದೂ ಇಲ್ಲದವನ ದನಿಯೊಂದು ಸೀಸದ ತೆಳು ಹಾಳೆಯ ಮೇಲೆ ಸಿಕ್ಕಿದೆ. 1972ರ ಉತ್ಖನನದಲ್ಲಿ ದೊರೆತ ಈ ಪತ್ರ ಕ್ರಿ.ಪೂ. 4ನೇ ಶತಮಾನದ್ದು. ಬರೆದವನು, ಅಥವಾ ಯಾರ ಕೈಯಲ್ಲೋ ಬರೆಸಿದವನು, ಲೇಸಿಸ್. ಕ್ಸೆನೊಕ್ಲಿಸ್ ಎಂಬುವನಿಗೂ ತನ್ನ ತಾಯಿಗೂ ಅವನು ಮೊರೆಯಿಡುತ್ತಾನೆ. ಎರಕದ ಕುಲುಮೆಯಲ್ಲಿ ತಾನು ಸಾಯುತ್ತಿದ್ದೇನೆ, ತನ್ನನ್ನು ಕೇಡಿಗನೊಬ್ಬನ ಕೈಗೆ ಕೊಟ್ಟಿದ್ದಾರೆ, ಚಾಟಿಯಿಂದ ಹೊಡೆಯುತ್ತಾರೆ, ಕಟ್ಟಿಹಾಕುತ್ತಾರೆ, ಕಸಕ್ಕಿಂತ ಕಡೆಯಾಗಿ ಕಾಣುತ್ತಾರೆ. ನನ್ನನ್ನು ಮರೆಯದೆ ಬಂದು ಯಜಮಾನರ ಹತ್ತಿರ ಮಾತಾಡಿ, ಬೇರೆ ದಾರಿ ಮಾಡಿಕೊಡಿ ಎಂದು ಬೇಡುತ್ತಾನೆ. ಅವನು ಗುಲಾಮನೋ, ಕೆಲಸ ಕಲಿಯಲು ಬಿಟ್ಟಿದ್ದ ಪರಊರಿನ ಹುಡುಗನೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ಅಗೋರಾದ ಪಶ್ಚಿಮಕ್ಕಿರುವ ದಿಬ್ಬದ ಮೇಲೆ ಇವತ್ತಿಗೂ ನಿಂತಿರುವುದು ಕಮ್ಮಾರರ ದೇವರು ಹೆಫೇಸ್ಟಸ್‌ನ ದೇಗುಲ. ಅದರ ಸುತ್ತ ಕಂಚಿನ ಕುಲುಮೆಗಳಿದ್ದವು. ಸಂತೆಯಲ್ಲಿ ಥಳಥಳಿಸುತ್ತಿದ್ದ ಕಂಚಿನ ಸಾಮಾನುಗಳ ಹಿಂದೆ ಎಷ್ಟು ಲೇಸಿಸ್‌ಗಳಿದ್ದರೋ. ಈ ಪತ್ರ ತಾಯಿಯ ಕೈ ಸೇರಿತೇ? ಅಗೋರಾದ ಮಣ್ಣಲ್ಲಿ ಸಿಕ್ಕಿದ್ದನ್ನು ನೋಡಿದರೆ ನನಗೆ ಧೈರ್ಯ ಬರುವುದಿಲ್ಲ.

ಕ್ರಿ.ಪೂ. 86ರಲ್ಲಿ ರೋಮಿನ ಸೇನಾನಿ ಸುಲ್ಲಾ, ಕ್ರಿ.ಶ. 267ರಲ್ಲಿ ಹೆರೂಲಿಯರು ಅಥೆನ್ಸನ್ನು ಹಾಳುಗೆಡವಿದರು. ಕಾಲಕ್ರಮದಲ್ಲಿ ಅಗೋರಾದ ಮೇಲೆ ಮಣ್ಣು ಕೂತಿತು, ಮಣ್ಣಿನ ಮೇಲೆ ಮನೆಗಳೆದ್ದವು. 1890ರ ದಶಕದ ಆರಂಭದಲ್ಲಿ ಪಿರೇಯಸ್ ರೈಲುಮಾರ್ಗಕ್ಕಾಗಿ ಅಗೆದ ಕಂದಕ ಅಗೋರಾದ ಉತ್ತರ ಭಾಗವನ್ನು ಸೀಳಿಕೊಂಡು ಹೋಯಿತು; ಹಳೆಯ ಗೋಡೆಗಳು ಬೆಳಕಿಗೆ ಬಂದವು. 1931ರ ಮೇ ತಿಂಗಳಲ್ಲಿ ಅಥೆನ್ಸಿನ ಅಮೆರಿಕನ್ ಪುರಾತತ್ವ ಶಾಲೆಯವರು ಉತ್ಖನನ ಶುರುಮಾಡಿದರು. ಹಣದ ದೊಡ್ಡ ಪಾಲು ರಾಕ್‌ಫೆಲರ್‌ನದು. ಆಗ ಆ ನೆಲ ಖಾಲಿ ಇರಲಿಲ್ಲ. ವ್ರಿಸಾಕಿ ಎಂಬ ಕೇರಿ ಅಲ್ಲಿತ್ತು. ಸುಮಾರು 400 ಕಟ್ಟಡಗಳನ್ನು ಪರಿಹಾರ ಕೊಟ್ಟು ವಶಪಡಿಸಿಕೊಂಡು ಕೆಡವಿದರು. ಸುಮಾರು ಸಾವಿರ ವರ್ಷ ಹಳೆಯದಾದ ಪವಿತ್ರ ಅಪೊಸ್ತಲರ ಚರ್ಚನ್ನು ಉಳಿಸಿಕೊಂಡರು. ಬಾಗಿಲು, ಅಂಗಳ, ದ್ರಾಕ್ಷಿ ಚಪ್ಪರಗಳಿದ್ದ ಓಣಿಗಳು ಹೋದವು. ಹಾಗೆ ಮಾಡದಿದ್ದರೆ ನನಗೆ ಸೈಮನ್ನನೂ ಸಿಗುತ್ತಿರಲಿಲ್ಲ, ಲೇಸಿಸ್‌ನೂ ಸಿಗುತ್ತಿರಲಿಲ್ಲ. ಇದನ್ನು ಮರೆತು ನಾನು ಆ ಕೇರಿಯ ಪರವಾಗಿ ಸುಲಭದ ಕಣ್ಣೀರು ಹಾಕಲಾರೆ. ಆದರೆ ಒಂದನ್ನು ಹೇಳಬೇಕು. ಕ್ರಿ.ಪೂ. 6ನೇ ಶತಮಾನದಲ್ಲಿ ಬಾವಿ ಮುಚ್ಚಿಸಿ ಮನೆ ತೆರವು ಮಾಡಿ ಹುಟ್ಟಿದ ಅಗೋರಾ, 20ನೇ ಶತಮಾನದಲ್ಲಿ ಮತ್ತೆ ಮನೆ ತೆರವು ಮಾಡಿಯೇ ಎದ್ದುಬಂತು. ಸಾರ್ವಜನಿಕ ಜಾಗಕ್ಕೆ ಯಾವತ್ತೂ ಯಾರೋ ಒಬ್ಬರು ಬೆಲೆ ತೆತ್ತಿರುತ್ತಾರೆ.

ಕನ್ನಡಿಗರಿಗೆ ಇಲ್ಲಿ ಹಂಪಿ ನೆನಪಾಗದೆ ಇರದು. ವಿರೂಪಾಕ್ಷ ದೇವಾಲಯದ ಎದುರಿನ ಬಜಾರಿನ ಸಾಲುಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದ ಕುಟುಂಬಗಳನ್ನು 2011ರಲ್ಲಿ ತೆರವುಗೊಳಿಸಲಾಯಿತು. ಸ್ಮಾರಕದ ರಕ್ಷಣೆ ಅದರ ಕಾರಣ. ಆ ಕಾರಣ ಸುಳ್ಳಲ್ಲ. ಆದರೂ ಕೊಡುಕೊಳ್ಳುವವರೇ ಇಲ್ಲದ ಬಜಾರು ಎಂಬ ವಿಚಿತ್ರವನ್ನು ನಾವೂ ಕಣ್ಣಾರೆ ನೋಡಿದ್ದೇವೆ. ಕಲ್ಲುಗಳನ್ನು ಕಾಪಾಡುವಾಗ ಅಲ್ಲಿ ಬದುಕಿದವರ ಹೆಸರು, ಕಸುಬು, ಮನೆಯ ನಕ್ಷೆಗಳನ್ನೂ ಅಷ್ಟೇ ಜತನದಿಂದ ಬರೆದಿಡಬೇಕು. ವ್ರಿಸಾಕಿಯ ಮನೆಗಳನ್ನು ಕೆಡವುವ ಮುನ್ನ ತೆಗೆದ ಛಾಯಾಚಿತ್ರಗಳು ಇವತ್ತು ಇತಿಹಾಸದ ಆಕರಗಳಾಗಿವೆ. ಚಿತ್ರ ಮನೆಗೆ ಬದಲಿಯಾಗದು. ಆದರೆ ಇಲ್ಲಿ ಯಾರೂ ಇರಲೇ ಇಲ್ಲ ಎಂಬ ಸುಳ್ಳನ್ನು ಅದು ತಡೆಯುತ್ತದೆ.

ಅಗೋರಾದ ಪೂರ್ವದ ಅಂಚಿನಲ್ಲಿ ಉದ್ದನೆಯ ಎರಡಂತಸ್ತಿನ ಕಂಬಸಾಲಿನ ಕಟ್ಟಡವೊಂದಿದೆ. ಪೆರ್ಗಮನ್‌ನ ದೊರೆ ಎರಡನೇ ಅಟ್ಟಾಲಸ್ ಕ್ರಿ.ಪೂ. 2ನೇ ಶತಮಾನದಲ್ಲಿ ಅಥೆನ್ಸಿಗೆ ಕೊಟ್ಟ ಕಾಣಿಕೆ ಅದು. ಒಂದೊಂದು ಅಂತಸ್ತಿನಲ್ಲಿ 21ರಂತೆ 42 ಅಂಗಡಿಗಳಿದ್ದವು. ಹಾಳಾಗಿದ್ದ ಅದನ್ನು 1953ರಿಂದ 1956ರವರೆಗೆ ಹಳೆಯ ತಳಪಾಯದ ಮೇಲೆಯೇ ಮತ್ತೆ ಕಟ್ಟಿದರು. ಈಗ ಅದೇ ಅಗೋರಾದ ವಸ್ತುಸಂಗ್ರಹಾಲಯ. ಒಂದು ಕಾಲಕ್ಕೆ ಸರಕು ಜೋಡಿಸಿಡುತ್ತಿದ್ದ ಕೋಣೆಗಳಲ್ಲಿ ಸೈಮನ್‌ನ ಬಟ್ಟಲಿನ ಬುಡ, ಅವನ ಮೊಳೆಗಳು, ಊರಿನ ಅಳತೆಪಾತ್ರೆ, ನಾಯಕರ ಹೆಸರು ಗೀಚಿದ ಬೋಕಿಗಳನ್ನು ಈಗ ನೋಡಲು ಇಟ್ಟಿದ್ದಾರೆ.

ತರಗತಿಯಲ್ಲಿ ವಿದ್ಯಾರ್ಥಿಗಳು ಒಮ್ಮೊಮ್ಮೆ ಕೇಳುತ್ತಾರೆ: ಗುಲಾಮರಿದ್ದ, ಹೆಂಗಸರಿಗೆ ಮತವಿಲ್ಲದ ಊರನ್ನು ಪ್ರಜಾಪ್ರಭುತ್ವದ ತವರು ಎಂದು ಯಾಕೆ ಓದಬೇಕು? ಹೊಗಳಲು ಓದಬೇಡಿ, ತೆಗಳಲೂ ಬೇಡ, ಅಳೆಯಲು ಓದಿ ಎನ್ನುತ್ತೇನೆ. ಆ ಊರು ತನ್ನ ಪಾವಿಗೆ ಮುದ್ರೆ ಒತ್ತಿತು, ಖೋಟಾ ನಾಣ್ಯವನ್ನು ಎಲ್ಲರೆದುರು ಕಡಿದು ಹಾಕಿತು, ಅಧಿಕಾರವನ್ನು ಚೀಟಿ ಎತ್ತಿ ಹಂಚಿತು. ಅದೇ ಊರು ನಾಣ್ಯ ನೋಡುವವನ ಬೆನ್ನಿಗೆ 50 ಏಟಿನ ಲೆಕ್ಕವನ್ನೂ ಕಲ್ಲಿನಲ್ಲಿ ಬರೆಯಿತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ನೋಡುವುದೇ ಇತಿಹಾಸ ಓದುವವರ ಕೆಲಸ. ಆಮೇಲೆ ಅದೇ ತಕ್ಕಡಿ ಹಿಡಿದು ನಮ್ಮ ವಾರದ ಸಂತೆಗೆ ಒಮ್ಮೆ ಹೋಗಿಬಂದರೆ ಒಳ್ಳೆಯದು. ಅಲ್ಲಿ ಗಡಿಕಲ್ಲು ಕಾಣಿಸುವುದಿಲ್ಲ. ಗಡಿ ಇಲ್ಲವೆಂದು ಮಾತ್ರ ಯಾರೂ ಹೇಳಲಾರರು.